ಜಯಮಂಗಲಿಯ ಜೇಡ ಮತ್ತು ನಾನು ಕೊಟ್ಟ ಒಂದು ತಪ್ಪು ತೀರ್ಪು



ನನ್ನ ವೃತ್ತಿಜೀವನವೆಲ್ಲ ಈಗ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದು ಕರೆಯಲ್ಪಡುವ ನಾಲ್ಕು ತಾಲ್ಲೂಕುಗಳಲ್ಲಿಯೇ ಕಳೆಯಿತೆಂಬುದು ನಿಮಗೆಲ್ಲ ತಿಳಿದೇ ಇದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ವರ್ಗಾವಣೆಯ ಆದೇಶ ಬಂದಾಗಲೆಲ್ಲ ಟ್ರಂಕು, ಹಾಸಿಗೆ ಸುರುಳಿಗಳನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಈ ನಾಲ್ಕರೊಳಗೇ ಒಂದರಿಂದ ಇನ್ನೊಂದಕ್ಕೆ ಹೋದದ್ದೇ ಹೋದದ್ದು. ಈ ಸೀಮೆಯ ಕಲ್ಲುಗುಡ್ಡ, ಹುಣಸೆತೋಪು, ಕಡಲೆಕಾಯಿ ಹೊಲ, ಬತ್ತಿದ ಹಳ್ಳಗಳು ನನಗೆ ಅಂಗೈಯ ಗೆರೆಗಳಷ್ಟೇ ಪರಿಚಿತವೆಂದು ನಾನು ಬಹಳ ವರ್ಷ ನಂಬಿದ್ದೆ. ಆ ನಂಬಿಕೆಯನ್ನು ಒಂದು ಜೇಡ ಅಲುಗಾಡಿಸಿತು. ಅದರ ಕಥೆಯನ್ನೇ ಇಂದು ಬರೆಯಲು ಕುಳಿತಿದ್ದೇನೆ. ಇದರಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಇದೆ.

2025ರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊಬೈಲಿಗೆ ಒಂದು ಸುದ್ದಿಯ ತುಣುಕನ್ನು ಕಳುಹಿಸಿದ. ಜೊತೆಗೆ, “ಸಾರ್, ನಮ್ಮ ನದಿಯ ಹೆಸರನ್ನು ಜೇಡಕ್ಕೆ ಇಟ್ಟಿದ್ದಾರೆ ನೋಡಿ” ಎಂದು ಬರೆದಿದ್ದ. ಕನ್ನಡಕ ಹಾಕಿಕೊಂಡು ಓದಿದೆ. ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಜಿಗಿಯುವ ಜೇಡಗಳಿಗೆ ವಿಜ್ಞಾನಿಗಳು ಒಂದು ಹೊಸ ಕುಲವನ್ನೇ ಸ್ಥಾಪಿಸಿದ್ದರು. ಆ ಕುಲದ ಹೆಸರು ‘ತೆಂಕಣ’. ಅದರೊಳಗೆ ಕರ್ನಾಟಕದಿಂದ ವರ್ಣಿಸಲ್ಪಟ್ಟ ಹೊಸ ಪ್ರಭೇದದ ಹೆಸರು ‘ತೆಂಕಣ ಜಯಮಂಗಲಿ’.

ಮೂರು ಸಲ ಓದಿದೆ. ಮೂಡಣ, ಪಡುವಣ, ಬಡಗಣ, ತೆಂಕಣ ಎಂದು ನಮ್ಮ ಕನ್ನಡ ಪಂಡಿತರು ತರಗತಿಯಲ್ಲಿ ದಿಕ್ಕುಗಳ ಹೆಸರನ್ನು ಬಾಯಿಪಾಠ ಮಾಡಿಸುತ್ತಿದ್ದರು. ನಾವೇ ಮರೆತಿರುವ ಆ ಅಚ್ಚಗನ್ನಡದ ಮಾತು ಇನ್ನು ಮುಂದೆ ಜಗತ್ತಿನ ಎಲ್ಲ ಜೇಡತಜ್ಞರ ಬಾಯಲ್ಲೂ ಬರಬೇಕು! ಇನ್ನು ಜಯಮಂಗಲಿಯ ವಿಷಯವಂತೂ ಹೇಳುವುದೇ ಬೇಡ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ನದಿಗಳು ಎರಡು. ಶಿಂಷಾ ದಕ್ಷಿಣಕ್ಕೆ ಇಳಿದು ಕಾವೇರಿಯನ್ನು ಸೇರುತ್ತದೆ. ಜಯಮಂಗಲಿ ನಮ್ಮ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳ ಮೂಲಕ ಹರಿದು, ಗಡಿ ದಾಟಿ ಉತ್ತರ ಪಿನಾಕಿನಿಯನ್ನು ಕೂಡಿಕೊಳ್ಳುತ್ತದೆ. ‘ಹರಿದು’ ಎಂದೆನಲ್ಲ, ವರ್ಷದ ಬಹುಪಾಲು ಅದು ಮರಳಿನ ಹಾಸು ಮಾತ್ರ. ನಾನು ಕೊರಟಗೆರೆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದಾಗ ಸಂಜೆ ಆ ಮರಳಿನ ಮೇಲೆಯೇ ನಡೆದುಕೊಂಡು ಹೋಗುತ್ತಿದ್ದೆ. ಆ ನದಿಯ ದಂಡೆಯಲ್ಲಿ ಏನೇನು ಬದುಕಿದೆ ಎಂದು ಬಗ್ಗಿ ನೋಡಿದವನಲ್ಲ.

ಆದರೆ ಬಗ್ಗಿ ನೋಡುತ್ತಿದ್ದ ಹುಡುಗನೊಬ್ಬ ಅದೇ ಶಾಲೆಯಲ್ಲಿದ್ದ.

1993ನೆಯ ಇಸವಿ. ಅವನು ಒಂಬತ್ತನೆಯ ತರಗತಿ. ಹೆಸರು ಬರೆಯುವುದಿಲ್ಲ. ಗಣಿತದಲ್ಲಿ ಹಿಂದೆ, ಇಂಗ್ಲಿಷಿನಲ್ಲಿ ಇನ್ನೂ ಹಿಂದೆ. ಒಂದು ದಿನ ವಿಜ್ಞಾನದ ಪಾಠ ಮುಗಿಸಿ ಹೊರಡುವಾಗ ಬೆಂಕಿಪೊಟ್ಟಣವೊಂದನ್ನು ತೆರೆದು ತೋರಿಸಿದ. ಒಳಗೆ ಹಾಲಿನಂತೆ ಬಿಳುಪಾದ ಸಣ್ಣದೊಂದು ಜೇಡ. ಮುಂದಿನ ಎರಡು ಜೊತೆ ಕಾಲುಗಳನ್ನು ಏಡಿಯ ಹಾಗೆ ಅಗಲಿಸಿಕೊಂಡು ಕುಳಿತಿತ್ತು. “ಸಾ, ಇದು ನಂದಿಬಟ್ಟಲ ಹೂವಿನಾಗೆ ಇರ್ತದೆ. ಇಂಥದ್ದೇ ಹಳದೀದು ತಂಗಡಿ ಹೂವಿನಾಗೆ ಐತೆ. ಎರಡೂ ಒಂದೇನಾ, ಬೇರೆ ಬೇರೇನಾ?” ಎಂದು ಕೇಳಿದ.

ನನಗೆ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲವೆಂದು ಹೇಳುವುದು ಆಗ ನನ್ನ ಅಭ್ಯಾಸದಲ್ಲಿ ಇರಲಿಲ್ಲ. “ಬಣ್ಣ ಬೇರೆ ಅಂದ ಮೇಲೆ ಜಾತಿಯೂ ಬೇರೆ ಕಣೋ, ಅಷ್ಟೂ ತಿಳಿಯದೇ?” ಎಂದು ಹೇಳಿ ಸ್ಟಾಫ್ ರೂಮಿಗೆ ಹೋದೆ.

ದಸರಾ ರಜೆ ಬಂತು. ರಜೆ ಮುಗಿದ ಮೊದಲ ದಿನ ಅವನು ಲಾಟೀನಿನ ಗಾಜೊಂದನ್ನು ಎದೆಗೆ ಅವುಚಿಕೊಂಡು ಬಂದ. ಮೇಲೂ ಕೆಳಗೂ ಹಳೆಯ ಪಂಚೆಯ ತುಂಡು ಕಟ್ಟಿತ್ತು, ಒಳಗೆ ತಂಗಡಿಯ ರೆಂಬೆ, ಹೂವಿನಲ್ಲಿ ಹಳದಿ ಜೇಡ. ನಂದಿಬಟ್ಟಲಿನಿಂದ ಹಿಡಿದ ಬಿಳಿಯ ಜೇಡವನ್ನೇ ಅದರೊಳಗೆ ಬಿಟ್ಟು, ದಿನ ಬಿಟ್ಟು ದಿನ ಹೂವು ಬದಲಿಸಿ, ನೊಣ ಹಿಡಿದು ಹಾಕಿ, ಮೂರು ವಾರ ನೋಡಿಕೊಂಡಿದ್ದನಂತೆ. ಮೊದಲು ಬದಲಾವಣೆಯೇ ಕಾಣಲಿಲ್ಲವಂತೆ. ಆಮೇಲೆ ನಿಧಾನವಾಗಿ ಹಳದಿಗೆ ತಿರುಗಿತಂತೆ. “ಎರಡೂ ಒಂದೇ ಸಾ” ಎಂದ.

ನಾನು ಇಡೀ ತರಗತಿಯ ಮುಂದೆ, “ಬಿಳಿಯದು ಸತ್ತು ಹೋಗಿರುತ್ತದೆ, ನೀನು ಹಳದಿಯದನ್ನು ತಂದು ಹಾಕಿದ್ದೀಯೆ. ಮೇಷ್ಟ್ರಿಗೇ ಸುಳ್ಳು ಹೇಳುತ್ತೀಯಾ?” ಎಂದುಬಿಟ್ಟೆ. ಹುಡುಗರು ನಕ್ಕರು. ಅವನು ಏನನ್ನೂ ಹೇಳಲಿಲ್ಲ. ಗಾಜನ್ನು ಹೊರಗೆ ತೆಗೆದುಕೊಂಡು ಹೋಗಿ, ಬಟ್ಟೆ ಬಿಚ್ಚಿ, ಜೇಡವನ್ನು ಬೇಲಿಯ ಮೇಲೆ ಬಿಟ್ಟು ಬಂದು ತನ್ನ ಜಾಗದಲ್ಲಿ ಕುಳಿತ. ಆ ಮೇಲೆ ಅವನು ನನ್ನನ್ನು ಏನನ್ನೂ ಕೇಳಲಿಲ್ಲ. ಮುಂದಿನ ವರ್ಷ ಶಾಲೆ ಬಿಟ್ಟು ಸೋದರಮಾವನ ಜೊತೆ ಬೆಂಗಳೂರಿಗೆ ಕೆಲಸಕ್ಕೆ ಹೋದನೆಂದು ಕೇಳಿದೆ. ಬಡತನದಿಂದ ಹೋದ, ನನ್ನ ಮಾತಿನಿಂದ ಅಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಬಹುಶಃ ನಿಜವೂ ಹೌದು. ಆದರೆ ಹಾಗೆ ಹೇಳಿಕೊಳ್ಳಬೇಕೆಂದು ನನಗೆ ಅನ್ನಿಸಿತ್ತು ಎಂಬುದೂ ನಿಜ.

ಹಲವು ವರ್ಷಗಳ ನಂತರ, ಮಧುಗಿರಿಯ ಶಾಲೆಯೊಂದಕ್ಕೆ ಕಂಪ್ಯೂಟರ್ ಬಂದ ಕಾಲದಲ್ಲಿ, ಒಂದು ಬಿಡುವಿನ ಅವಧಿಯಲ್ಲಿ ಕುತೂಹಲಕ್ಕೆಂದು ಹುಡುಕಿದೆ. ಏಡಿ ಜೇಡಗಳ ಕುಟುಂಬಕ್ಕೆ ಥೋಮಿಸಿಡೇ ಎಂದು ಹೆಸರು. ಜಗತ್ತಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಅವು ಬಲೆ ನೇಯ್ದು ಬೇಟೆಯಾಡುವುದಿಲ್ಲ; ಹೂವಿನಲ್ಲಿಯೋ ಎಲೆಯಲ್ಲಿಯೋ ತೊಗಟೆಯಲ್ಲಿಯೋ ಅಡಗಿ ಕುಳಿತು, ಬಂದ ಕೀಟವನ್ನು ಮುಂಗಾಲುಗಳಿಂದ ಹಿಡಿಯುತ್ತವೆ. ಇವುಗಳಲ್ಲಿ ಕೆಲವು ಪ್ರಭೇದಗಳ ಹೆಣ್ಣುಗಳು ಹೂವಿಗೆ ತಕ್ಕಂತೆ ಬಿಳಿಯಿಂದ ಹಳದಿಗೂ, ಹಳದಿಯಿಂದ ಬಿಳಿಗೂ ಬಣ್ಣ ಬದಲಿಸುತ್ತವೆ! ಯೂರೋಪು ಮತ್ತು ಉತ್ತರ ಅಮೆರಿಕಗಳ ಮಿಸುಮೆನ ವಾಟಿಯ ಎಂಬ ಏಡಿ ಜೇಡದಲ್ಲಿ ಇದನ್ನು ಚೆನ್ನಾಗಿ ಅಧ್ಯಯನ ಮಾಡಿದ್ದಾರೆ. ಹಳದಿಯ ವರ್ಣಕವನ್ನು ದೇಹವೇ ತಯಾರಿಸಿಕೊಳ್ಳಬೇಕಾದ್ದರಿಂದ ಬಿಳಿಯಿಂದ ಹಳದಿಗೆ ಹತ್ತರಿಂದ ಇಪ್ಪತ್ತೈದು ದಿನ ಹಿಡಿಯುತ್ತದೆ. ಹಳದಿಯಿಂದ ಬಿಳಿಗೆ ಮರಳಲು ಸುಮಾರು ಆರು ದಿನ ಸಾಕು.

ಮೂರು ವಾರ. ಹುಡುಗ ಹೇಳಿದ ಲೆಕ್ಕ ಅದೇ. ಪರದೆಯ ಮುಂದೆ ನಾನು ಎಷ್ಟು ಹೊತ್ತು ಹಾಗೆಯೇ ಕುಳಿತಿದ್ದೆನೋ, ಜವಾನ ಬಂದು “ಗಂಟೆ ಹೊಡೀತು ಸಾ” ಎಂದ ಮೇಲೆ ಎದ್ದೆ.

ಆಗ ಮಾಹಿತಿ ಎಲ್ಲಿಯೂ ಇರಲಿಲ್ಲವೆಂದು ಸಮಾಧಾನ ಮಾಡಿಕೊಳ್ಳುವ ಹಾಗೂ ಇಲ್ಲ. ಬಿ. ಕೆ. ಟಿಕಾದಾರ್ ಎಂಬ ವಿಜ್ಞಾನಿ 1963ರಲ್ಲಿಯೇ ಮಹಾರಾಷ್ಟ್ರ ಮತ್ತು ಅಂದಿನ ಮೈಸೂರು ರಾಜ್ಯದ ಜೇಡಗಳ ಬಗ್ಗೆ ಬರೆದಿದ್ದರು. 1971ರಲ್ಲಿ ಭಾರತದ ಏಡಿ ಜೇಡಗಳ ಪರಿಷ್ಕೃತ ವರ್ಗೀಕರಣವನ್ನು ಪ್ರಕಟಿಸಿದರು. 1980ರಲ್ಲಿ ‘ಭಾರತದ ಪ್ರಾಣಿಸಂಪತ್ತು’ ಮಾಲೆಯಲ್ಲಿ ಏಡಿ ಜೇಡ ಮತ್ತು ತೋಳ ಜೇಡಗಳ ಸಂಪುಟವೂ ಬಂದಿತ್ತು. ನಮ್ಮ ಶಾಲೆಯ ಒಂದೇ ಬೀರುವಿನ ಗ್ರಂಥಾಲಯಕ್ಕೆ ಅದು ಬರುವುದು ಸಾಧ್ಯವಿರಲಿಲ್ಲ, ಸರಿ. ಆದರೆ ತುಮಕೂರಿನ ಕಾಲೇಜಿನ ಪ್ರಾಣಿಶಾಸ್ತ್ರದ ಮೇಷ್ಟ್ರಿಗೆ ಹದಿನೈದು ಪೈಸೆಯ ಒಂದು ಕಾರ್ಡು ಬರೆಯಬಹುದಿತ್ತಲ್ಲ? ಬರೆಯಲಿಲ್ಲ.

ಈಗ ಮತ್ತೆ ತೆಂಕಣಕ್ಕೆ ಬರೋಣ. ಇದು ಏಡಿ ಜೇಡವಲ್ಲ, ಜಿಗಿಯುವ ಜೇಡ. ಅದರ ಕುಟುಂಬ ಸಾಲ್ಟಿಸಿಡೇ. ಜೇಡಗಳಲ್ಲಿ ಅತಿ ದೊಡ್ಡ ಕುಟುಂಬವಿದು, ಆರು ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ನಿಮ್ಮ ಮನೆಯ ಗೋಡೆಯ ಮೇಲೆ ನಾಲ್ಕು ಹೆಜ್ಜೆ ನಡೆದು, ನಿಂತು, ಮೈ ತಿರುಗಿಸಿ ನಿಮ್ಮನ್ನೇ ದಿಟ್ಟಿಸುವ ಪುಟ್ಟ ಜೇಡ ಈ ಕುಟುಂಬದ್ದೇ. ಎಂಟು ಕಣ್ಣುಗಳಲ್ಲಿ ನಡುವಣ ಎರಡು ಮೋಟಾರು ದೀಪಗಳ ಹಾಗೆ ದೊಡ್ಡವು. ಜಿಗಿಯುವ ಮುನ್ನ ಹಿಂದಿನಿಂದ ಒಂದು ಎಳೆಯನ್ನು ಅಂಟಿಸಿಕೊಂಡು ಜಿಗಿಯುತ್ತದೆ, ಗುರಿ ತಪ್ಪಿದರೆ ಕೆಳಗೆ ಬೀಳದಿರಲೆಂದು.

ಒಂದು ಜೇಡಕ್ಕೆ ಹೊಸ ಕುಲ ಬೇಕೆಂದು ನಿರ್ಧರಿಸುವುದು ಹೇಗೆ? ಮೇಷ್ಟ್ರ ಚಾಳಿ ಬಿಟ್ಟಿಲ್ಲ, ಸ್ವಲ್ಪ ಪಾಠ ಮಾಡುತ್ತೇನೆ, ಸಹಿಸಿಕೊಳ್ಳಿ.

ಮೊದಲು ಜೇಡವನ್ನು ಹಿಡಿದು ಆಲ್ಕೋಹಾಲಿನಲ್ಲಿ ಇಡಬೇಕು. ಎಲ್ಲಿ ಸಿಕ್ಕಿತು, ಎಂದು ಸಿಕ್ಕಿತು, ಯಾರು ಹಿಡಿದರು ಎಂಬ ಚೀಟಿ ಜೊತೆಗಿರಬೇಕು. ಚೀಟಿಯಿಲ್ಲದ ಜೇಡಕ್ಕೆ ಬೆಲೆಯಿಲ್ಲ. ಬಳಿಕ ಸೂಕ್ಷ್ಮದರ್ಶಕದ ಕೆಳಗಿಟ್ಟು ಕಣ್ಣುಗಳ ಜೋಡಣೆ, ಕಾಲಿನ ಮುಳ್ಳುಗಳು, ದವಡೆಗಳನ್ನು ನೋಡಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಗಂಡಿನ ಬಾಯಿಯ ಪಕ್ಕದ ಎರಡು ಪುಟ್ಟ ಸ್ಪರ್ಶಾಂಗಗಳ ತುದಿ ಮತ್ತು ಹೆಣ್ಣಿನ ಹೊಟ್ಟೆಯ ಕೆಳಗಿನ ಜನನಾಂಗದ ರಚನೆ. ಬೀಗ ಮತ್ತು ಬೀಗದ ಕೈಯಂತೆ ಪ್ರತಿ ಪ್ರಭೇದಕ್ಕೂ ಇವುಗಳ ಆಕಾರ ಬೇರೆ. ಬಣ್ಣ ಬಹಳ ಸಲ ಮೋಸ ಮಾಡುತ್ತದೆ. ಒಂದೇ ಪ್ರಭೇದದ ಗಂಡು ಒಂದು ಬಣ್ಣ, ಹೆಣ್ಣು ಒಂದು ಬಣ್ಣ, ಮರಿ ಇನ್ನೊಂದು ಬಣ್ಣ. ಬಣ್ಣ ಬೇರೆ ಅಂದ ಮೇಲೆ ಜಾತಿ ಬೇರೆ ಎಂದ ಮೇಷ್ಟ್ರನ್ನು ಇಲ್ಲಿ ನೆನಪಿಸಿಕೊಳ್ಳಿ!

ಇಷ್ಟಾದರೂ ತಿಳಿಯುವುದು ಪ್ರಭೇದ ಮಾತ್ರ. ಕುಲದ ಪ್ರಶ್ನೆ ಇನ್ನೊಂದು ಮೆಟ್ಟಿಲು ಮೇಲಿನದು. ಅದಕ್ಕೆ ಕನ್ನಡದಲ್ಲಿ ಕುಲ ಎನ್ನುವವರೂ ಇದ್ದಾರೆ, ಜಾತಿ ಎನ್ನುವವರೂ ಇದ್ದಾರೆ. ಹೆಸರು ಏನಾದರೂ ಆಗಲಿ, ಅರ್ಥ ಒಂದೇ ಪೂರ್ವಜರಿಂದ ಇಳಿದುಬಂದ ಹತ್ತಿರದ ಬಂಧುಗಳ ಗುಂಪು. ನಮ್ಮ ಕಡೆ ಹೆಣ್ಣು ನೋಡಲು ಹೋದಾಗ ಏನು ಕೇಳುತ್ತಾರೆ? ಮನೆದೇವರು ಯಾವುದು ಎಂದು. ಶಿರಾದ ಒಂದು ಮನೆಯವರು, ಪಾವಗಡದ ಒಂದು ಮನೆಯವರು ಒಬ್ಬರನ್ನೊಬ್ಬರು ಕಂಡೇ ಇರುವುದಿಲ್ಲ. ಮುಖದ ಹೋಲಿಕೆಯಿಲ್ಲ, ಮಾತಿನ ಧಾಟಿಯೂ ಬೇರೆ. ಆದರೆ ಮನೆದೇವರು, ಬೆಡಗು ಒಂದೇ ಎಂದು ತಿಳಿದ ಕ್ಷಣ, “ಹಾಗಾದರೆ ಅಣ್ಣತಮ್ಮಂದಿರಾಯಿತು, ಸಂಬಂಧ ಆಗುವುದಿಲ್ಲ” ಎಂದು ಎದ್ದುಬಿಡುತ್ತಾರೆ. ಹಾಗೆಯೇ, ನೋಡಲು ಒಂದೇ ತೆರನಾಗಿದ್ದರೂ ಬೆಡಗು ಬೇರೆಯಾಗಿರಬಹುದು. ಹೋಲಿಕೆ ಬೇರೆ, ವಂಶ ಬೇರೆ. ಜೇಡಗಳ ಮನೆದೇವರನ್ನು ಕೇಳಿ ತಿಳಿಯುವಂತಿಲ್ಲ. ಅದು ಅವುಗಳ ವಂಶವಾಹಿಗಳಲ್ಲಿ ಬರೆದಿದೆ. ಈಗ ಅದನ್ನು ಓದಲು ಸಾಧ್ಯವಾಗಿದೆ.

ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಕಿರಣ್ ಮರಾಠೆ ಮತ್ತು ವೇಯ್ನ್ ಮ್ಯಾಡಿಸನ್, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಕೃಷ್ಣಮೇಘ ಕುಂಟೆ, ಚೆನ್ನೈನ ಜಾನ್ ಕೇಲೆಬ್ ಮೊದಲಾದವರು ಮಾಡಿದ್ದು ಈ ಕೆಲಸವನ್ನೇ. ದೇಹರಚನೆಯ ಜೊತೆಗೆ ವಂಶವಾಹಿಗಳನ್ನೂ ಹೋಲಿಸಿ ನೋಡಿದಾಗ ಈ ಜೇಡಗಳು ಹೈಲಸ್, ಟೆಲಮೋನಿಯ ಮೊದಲಾದ ಬಂಧುಗಳಿಂದ ಬೇರೆಯೇ ಆದ ಒಂದು ಕವಲೆಂದು ತಿಳಿಯಿತು. ಹಿಂದೆ ಕೊಲೊಪ್ಸಸ್ ಎಂಬ ಕುಲದಲ್ಲಿ ಇರಿಸಿದ್ದ ಎರಡು ಪ್ರಭೇದಗಳನ್ನು ಅಲ್ಲಿಂದ ತೆಗೆದು ತೆಂಕಣಕ್ಕೆ ಸೇರಿಸಿದರು. ಒಂದರ ಹೆಸರು ಮನು. ಇನ್ನೊಂದು ಅರ್ಕಾವತಿ, ನಂದಿಬೆಟ್ಟದಲ್ಲಿ ಹುಟ್ಟುವ ನಮ್ಮ ನದಿಯ ಹೆಸರೂ ಅದೇ. ಹೊಸದಾಗಿ ಸೇರಿದ್ದು ಜಯಮಂಗಲಿ. ವಿವರಗಳೆಲ್ಲ ‘ಜೂಕೀಸ್’ ಎಂಬ ಪತ್ರಿಕೆಯಲ್ಲಿ ಪ್ರಕಟವಾಗಿವೆ, ಯಾರು ಬೇಕಾದರೂ ಹಣ ಕೊಡದೆ ಓದಬಹುದು.

ನನ್ನನ್ನು ತುಂಬಾ ಯೋಚನೆಗೆ ಹಚ್ಚಿದ ಸಂಗತಿಗಳು ಎರಡು.

ಮೊದಲನೆಯದು ಇವುಗಳ ವಾಸಸ್ಥಾನ. ಹತ್ತಿರದ ಬಂಧುಗಳು ಕಾಡನ್ನು ಇಷ್ಟಪಟ್ಟರೆ, ತೆಂಕಣದ ಜೇಡಗಳು ಒಣಪ್ರದೇಶಗಳಿಗೆ, ನೆಲದ ಮಟ್ಟದ ಬದುಕಿಗೆ ಒಗ್ಗಿಕೊಂಡಿವೆ. ನಮ್ಮ ನಾಲ್ಕು ತಾಲ್ಲೂಕುಗಳೆಂದರೆ ಒಣನೆಲವೇ ತಾನೆ? ಜೀವವೈವಿಧ್ಯ ಎಂಬ ಪಾಠ ಮಾಡುವಾಗ ನಾನು ಆಗುಂಬೆ, ಕುದುರೆಮುಖಗಳ ಉದಾಹರಣೆ ಕೊಡುತ್ತಿದ್ದೆ. ಕಿಟಕಿಯಾಚೆಗಿನ ತಂಗಡಿ, ಕಾರೆಮುಳ್ಳು, ಕಲ್ಲುಬಂಡೆಗಳ ಕಡೆಗೆ ಕೈ ತೋರಿಸಿದ್ದೇ ಇಲ್ಲ. ಕಣ್ಣಿಗೆ ದೊಡ್ಡದಾಗಿ ಕಂಡದ್ದನ್ನು ನಾವು ಗೌರವಿಸಿದ್ದೇವೆ. ಶಿರಾ ತಾಲ್ಲೂಕಿನ ಕಗ್ಗಲಡಿನಲ್ಲಿ ಹುಣಸೆಮರಗಳ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳನ್ನು ಊರವರೇ ಕಾಯ್ದರು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಾಯಿತು. ಇವೆಲ್ಲ ಸಂತೋಷದ ವಿಷಯವೇ. ಆದರೆ ಉಳಿದ ನೆಲವನ್ನು ನಾವು ಇಂದಿಗೂ ಬೀಳು, ಬರಡು, ಖಾಲಿ ಎಂದೇ ಕರೆಯುತ್ತೇವೆ. ಪಾವಗಡದ ತಿರುಮಣಿಯ ಸುತ್ತ 13,000 ಎಕರೆಯಲ್ಲಿ ಸೌರಫಲಕಗಳು ನಿಂತಿವೆ. ಮಳೆ ನಂಬಿ ಸೋತ ರೈತರಿಗೆ ಗುತ್ತಿಗೆಯ ಹಣ ಆಸರೆಯಾಗಿದೆ, ನಾನು ಅದನ್ನು ಆಕ್ಷೇಪಿಸುವವನಲ್ಲ. ಫಲಕ ನಿಲ್ಲಿಸುವ ಮುನ್ನ ಆ ನೆಲದ ಮೇಲೆ ಏನೇನು ನಡೆದಾಡುತ್ತಿತ್ತು ಎಂದು ಪಾವಗಡದಲ್ಲಿದ್ದ ನಾಲ್ಕು ವರ್ಷಗಳಲ್ಲಿ ನಾನು ಒಂದು ದಿನವಾದರೂ ಮಕ್ಕಳಿಂದ ಪಟ್ಟಿ ಮಾಡಿಸಬಹುದಿತ್ತು ಎಂದು ಮಾತ್ರ ಅನ್ನಿಸುತ್ತದೆ. ಜಗತ್ತಿನಲ್ಲಿ ಹೆಸರು ಪಡೆದ ಜೇಡಗಳ ಸಂಖ್ಯೆ 2022ರಲ್ಲಿ 50,000 ದಾಟಿತು. ಹೆಸರಿಲ್ಲದವು ನಮ್ಮ ಹಿತ್ತಲಲ್ಲೇ ಇರಬಹುದು.

ಎರಡನೆಯದು ಒಂದು ಆವರಣ ಚಿಹ್ನೆ. ಪ್ರಾಣಿಶಾಸ್ತ್ರದಲ್ಲಿ ಪ್ರಭೇದದ ಹೆಸರಿನ ಮುಂದೆ ಅದನ್ನು ಮೊದಲು ವರ್ಣಿಸಿದವರ ಹೆಸರು, ಇಸವಿ ಬರೆಯುವ ರೂಢಿ ಇದೆ. ಆ ಪ್ರಭೇದವನ್ನು ಮುಂದೆ ಯಾರಾದರೂ ಬೇರೆ ಕುಲಕ್ಕೆ ವರ್ಗಾಯಿಸಿದರೆ, ಮೊದಲಿನವರ ಹೆಸರನ್ನು ಅಳಿಸುವುದಿಲ್ಲ, ಆವರಣದೊಳಗೆ ಇಡುತ್ತಾರೆ. ಮೊದಲು ಕಂಡವರು ಇವರೇ, ಆದರೆ ಸ್ಥಾನವನ್ನು ಅನಂತರ ತಿದ್ದಲಾಗಿದೆ ಎಂದು ಅದರ ಅರ್ಥ. ತಿದ್ದಿದವರೂ ಬೀಗುವುದಿಲ್ಲ, ತಿದ್ದಿಸಿಕೊಂಡವರಿಗೂ ಅವಮಾನವಿಲ್ಲ. ತಾವೇ ಹೆಸರಿಟ್ಟ ಪ್ರಭೇದವನ್ನು ತಾವೇ ಮತ್ತೊಂದು ಕುಲಕ್ಕೆ ವರ್ಗಾಯಿಸಿದ ವಿಜ್ಞಾನಿಗಳೂ ಇದ್ದಾರೆ. ನಾವು ಮೇಷ್ಟ್ರುಗಳು ಕೆಂಪು ಶಾಯಿಯಲ್ಲಿ ಮಕ್ಕಳ ತಪ್ಪನ್ನು ತಿದ್ದಿದ್ದೇ ತಿದ್ದಿದ್ದು. ನಮ್ಮ ತಪ್ಪಿಗೆ ಇಂಥದೊಂದು ಆವರಣವನ್ನು ಇಟ್ಟುಕೊಂಡಿರಲಿಲ್ಲ.

ಇದನ್ನು ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ಸುದ್ದಿ ಕಳುಹಿಸಿದ ವಿದ್ಯಾರ್ಥಿಯಿಂದ ಶುರುಮಾಡಿ ಅವನ ಸಹಪಾಠಿಗಳನ್ನೆಲ್ಲ ವಿಚಾರಿಸಿ, ಕೊನೆಗೆ ಆ ಹುಡುಗನ ನಂಬರನ್ನು ಸಂಪಾದಿಸಿದೆ. ‘ಹುಡುಗ’ ಎನ್ನುತ್ತೇನೆ, ಅವನಿಗೀಗ ನಲವತ್ತಾರು. ಬೆಂಗಳೂರಿನಲ್ಲಿ ಲೇತ್ ಕೆಲಸ ಮಾಡಿಕೊಂಡು ಇಬ್ಬರು ಮಕ್ಕಳನ್ನು ಓದಿಸುತ್ತಿದ್ದಾನೆ. ಮೊದಲು ನನ್ನ ಗುರುತು ಸಿಗಲಿಲ್ಲ. ಸಿಕ್ಕ ಮೇಲೆ, “ಸಾ, ನೀವಾ! ಆರೋಗ್ಯವಾಗಿದೀರಾ? ಅಮ್ಮಾವ್ರು ಚೆನ್ನಾಗವ್ರಾ?” ಎಂದು ಗಾಬರಿಯಿಂದಲೇ ಕೇಳಿದ. ಇಷ್ಟು ವರ್ಷಗಳ ನಂತರ ಮೇಷ್ಟ್ರು ಫೋನ್ ಮಾಡುವುದೆಂದರೆ ಏನೋ ಅಶುಭವಿರಬೇಕೆಂದು ಹೆದರಿರಬೇಕು.

ಲಾಟೀನಿನ ಗಾಜಿನ ವಿಷಯ ತೆಗೆದೆ. “ಅಯ್ಯೋ, ಅದೆಲ್ಲ ಎಲ್ಲಿ ನೆನಪೈತೆ ಬುಡಿ ಸಾ” ಎಂದು ನಕ್ಕ. ನಾನು ಹೇಳಬೇಕೆಂದುಕೊಂಡಿದ್ದನ್ನು ಹೇಳಿದೆ. ಅವನು ಅಂದು ಹೇಳಿದ್ದು ಸುಳ್ಳಲ್ಲ, ಅಂಥ ಜೇಡಗಳು ಬಣ್ಣ ಬದಲಿಸುವುದು ನಿಜ, ವಿಚಾರಿಸದೆ ಎಲ್ಲರ ಮುಂದೆ ಸುಳ್ಳುಗಾರನೆಂದದ್ದು ನನ್ನ ತಪ್ಪು ಎಂದೆ. ಆ ಕಡೆಯಿಂದ ಮಾತಿಲ್ಲ. ಹಿಂದೆ ಯಂತ್ರಗಳ ಸದ್ದು ಕೇಳಿಸುತ್ತಿತ್ತು. ಫೋನು ಕಡಿದುಹೋಯಿತೇನೋ ಎಂದುಕೊಳ್ಳುವಷ್ಟರಲ್ಲಿ ಅವನ ದನಿ ಬಂತು.

“ಮೊದಲು ಕಾಲು ಹಳದಿ ಆಗಲಿಲ್ಲ ಸಾ, ಹೊಟ್ಟೆ ಆಯ್ತು. ಕಾಲು ಆಮೇಲೆ.”

ನೆನಪಿಲ್ಲವೆಂದವನು ಹೇಳಿದ ಮಾತು ಇದು!

ಇದನ್ನು ಬರೆಯಲು ಅವನ ಒಪ್ಪಿಗೆ ಪಡೆದಿದ್ದೇನೆ, ಹೆಸರು ಬೇಡವೆಂದ. ಅವನ ಮಗಳು ಈಗ ಒಂಬತ್ತನೆಯ ತರಗತಿಯಂತೆ. ಊರಿಗೆ ಬಂದಾಗ ಅವಳನ್ನು ಕರೆದುಕೊಂಡು ಮಧುಗಿರಿಗೆ ಬರಲು ಹೇಳಿದ್ದೇನೆ. ನನ್ನ ಹಿತ್ತಲಿನಲ್ಲಿ ನಂದಿಬಟ್ಟಲಿದೆ, ರಸ್ತೆಯಾಚೆ ತಂಗಡಿ ಬೇಕಾದಷ್ಟಿದೆ. ಹಳೆಯ ಲಾಟೀನಿನ ಗಾಜು ಮಾತ್ರ ಎಲ್ಲಿಯೂ ಸಿಗುತ್ತಿಲ್ಲ. ನಿಮ್ಮಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.